ದಮ್ಮಿನ ಬೇನೆಯವರು ಕೆಲಸ ಆರಿಸುವಾಗ

(ಬೇಗಂ ಬಜಾರದಲ್ಲಿ ಸೇರಿದ್ದ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಈ ಬಜಾರದ ಮೆಣಸಿನಕಾಯಿ ಅಂಗಡಿಗಳ ಮುಂದೆ ನಡೆದು ಬರುವವರಿಗೆಲ್ಲ ಸೀನು ಬರುತ್ತದೆ. ಗಿರಾಕಿ ಸೀನಿ ಮುಂದೆ ಹೋಗುತ್ತಾನೆ. ಚೀಲ ಹೊರುವವನು ದಿನವೆಲ್ಲ ಅಲ್ಲಿಯೇ ಇರಬೇಕು. ಅವನಿಗೆ ಮೊದಲೇ ದಮ್ಮಿನ ಬೇನೆ ಇದ್ದರೆ ಗತಿಯೇನು? ಅಂಥವನು ಯಾವ ಕೆಲಸ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದವರು ನಮ್ಮಲ್ಲಿ ಬಹಳ. ಊರಿಗೆ ಕಳಿಸುವ ಹಣ ತಪ್ಪಬಾರದು. ಆದುದರಿಂದ ಬೇನೆಯನ್ನು ಮುಚ್ಚಿಟ್ಟು, ಹೆಚ್ಚು ಕೂಲಿ ಸಿಗುವ ಕಡೆ ಓಡುತ್ತೇವೆ. ಜ್ವರ ಬಂದು ಹೋಗುತ್ತದೆ, ದಮ್ಮು ಹಾಗಲ್ಲ. ಔಷಧದಿಂದ ಹತೋಟಿಗೆ ಬಂದರೂ ಅದು ಜೊತೆಯಲ್ಲಿಯೇ ಇರುತ್ತದೆ. ಅದನ್ನು ಬಿಟ್ಟು ಮಾಡಿದ ಲೆಕ್ಕ ತಿಂಗಳ ಕೊನೆಗೆ ತಪ್ಪುತ್ತದೆ.

ಲೆಕ್ಕವನ್ನೇ ಮಾಡೋಣ. ಒಬ್ಬನ ಮುಂದೆ ಎರಡು ಕೆಲಸಗಳಿವೆ ಎಂದಿಟ್ಟುಕೊಳ್ಳಿ. ಮೆಣಸಿನಕಾಯಿ ಗೋದಾಮಿನಲ್ಲಿ ದಿನಕ್ಕೆ 700 ರೂಪಾಯಿ ಕೂಲಿ, ಇ.ಎಸ್.ಐ. ಕಾರ್ಡು ಇಲ್ಲ. ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ, ತಿಂಗಳಿಗೆ 14,000. ಊಟವೂ ಕಾರ್ಡೂ ಉಂಟು. 26 ದಿನ ದುಡಿದರೆ ಗೋದಾಮಿನದು 18,200. ನಾಲ್ಕು ಸಾವಿರ ಹೆಚ್ಚು! ಆದರೆ ದಮ್ಮು ಕಟ್ಟಿ ಐದು ದಿನ ಮಲಗಿದರೆ 3,500 ಹೋಯಿತು. ಔಷಧಕ್ಕೆ ಕೈಯಿಂದ 1,200 ಹೋದರೆ ಉಳಿದದ್ದು 13,500. ಊಟದ ಖರ್ಚು ಬೇರೆ. ಹೋಟೆಲಿನವನ ವಂತಿಗೆ ನೂರಕ್ಕೆ ಮುಕ್ಕಾಲು, ಅಂದರೆ 105 ರೂಪಾಯಿ, ಕೈಗೆ 13,895. ನಿಮ್ಮ ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ಕೂಲಿಯ ಜೊತೆಗೆ ಉಸಿರಿನ ಖರ್ಚನ್ನೂ ಬರೆಯಿರಿ.

ಹಾಗೆಂದು ಹೋಟೆಲೆಲ್ಲ ಒಂದೇ ಅಲ್ಲ. ಒಗ್ಗರಣೆಯ ಘಾಟು, ಒಲೆಯ ಹೊಗೆ ತುಂಬಿದ ಅಡುಗೆಮನೆ ದಮ್ಮಿನವನಿಗೆ ಗೋದಾಮಿಗಿಂತ ಲೇಸಲ್ಲ. ಹೊರಗಿನ ಸಪ್ಲೈ, ಗಲ್ಲಾ, ಪಾರ್ಸೆಲು ಲೇಸು. ಮಿಲ್ಲಿನಲ್ಲಿಯೂ ಹಾಗೆಯೇ. ಹತ್ತಿ ಬಿಡಿಸುವ, ಹಿಂಜುವ ಖಾತೆಗಳಲ್ಲಿ ಧೂಳು ಹೆಚ್ಚು. ಭಾನುವಾರದ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ನಿಂತೊಡನೆ ಎದೆ ಬಿಗಿದರೆ ಅದು ಹತ್ತಿಯ ಧೂಳಿನ ರೋಗದ ಗುರುತಾಗಿರಬಹುದು. ಕಾನೂನು ಅದನ್ನು ಕಸುಬಿನ ರೋಗವೆಂದು ಎಣಿಸುತ್ತದೆ. ಕೆಲಸ ಬಿಡುವ ಮೊದಲು ಖಾತೆ ಬದಲಿಸಲು ಕೇಳಿ ನೋಡಬೇಕು.

ಇನ್ನು ಕಾರ್ಡಿನ ವಿಷಯ. ಇ.ಎಸ್.ಐ. ಕಾಯಿದೆ 1948ರಲ್ಲಿ ಬಂತು. 1952ರಲ್ಲಿ ಕಾನ್ಪುರ ಮತ್ತು ದಿಲ್ಲಿಯಲ್ಲಿ ಯೋಜನೆ ಆರಂಭವಾಯಿತು. ಹತ್ತು ಮಂದಿ ದುಡಿಯುವ ಹೋಟೆಲು, ಅಂಗಡಿಗಳಿಗೂ ಅದು ಅನ್ವಯಿಸುತ್ತದೆ. 2017ರಲ್ಲಿ ಸಂಬಳದ ಮಿತಿಯನ್ನು 21,000 ರೂಪಾಯಿಗೆ ಏರಿಸಿದರು. ಸೇರುವಾಗ ಈಗಿನ ಮಿತಿ ಕೇಳಿಕೊಳ್ಳಿ. 2019ರ ಜುಲೈಯಿಂದ ಮಾಲೀಕರ ಪಾಲು ನೂರಕ್ಕೆ ಮೂರೂಕಾಲು. ಅದು ನಿಮ್ಮ ದುಡಿಮೆಗೆ ಸಲ್ಲುವ ಹಕ್ಕು, ಧರ್ಮದ ಕಾಸಲ್ಲ.

ಕಾರ್ಡಿದ್ದರೆ ತನಗೂ ಮನೆಯವರಿಗೂ ಚಿಕಿತ್ಸೆ. ಡಾಕ್ಟರು ಚೀಟಿ ಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಭತ್ಯ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಸಿಗದು. ಕ್ಷಯದಂಥ ಕೆಲವು ದೀರ್ಘ ರೋಗಗಳಿಗೆ, ಎರಡು ವರ್ಷ ಸೇವೆ ಸಂದವರಿಗೆ, ಭತ್ಯ ನೂರಕ್ಕೆ 80ರಂತೆ ಎರಡು ವರ್ಷದವರೆಗೂ ದೊರೆಯಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಏಪ್ರಿಲಿನಿಂದ ಸೆಪ್ಟೆಂಬರು, ಅಕ್ಟೋಬರಿನಿಂದ ಮಾರ್ಚಿ, ಹೀಗೆ ಅರ್ಧ ವರ್ಷದ ಲೆಕ್ಕ. ಆ ಅವಧಿಯಲ್ಲಿ 78 ದಿನದ ವಂತಿಗೆ ತುಂಬಿದರೆ ಮುಂದೆ ಭತ್ಯಕ್ಕೆ ಅರ್ಹತೆ. 70 ದಿನಕ್ಕೆ ಸಿಟ್ಟಿನಿಂದ ಕೆಲಸ ಬಿಟ್ಟು ಕಾರ್ಡಿಲ್ಲದ ಕಡೆ ಸೇರಿದವನು ಎಂಟು ದಿನಕ್ಕಾಗಿ ಅದನ್ನು ಕಳೆದುಕೊಳ್ಳುತ್ತಾನೆ. ಕಾರ್ಡಿರುವ ಇನ್ನೊಂದು ಕಡೆ ಸೇರಿದರೆ ಹಳೆಯ ವಿಮಾ ನಂಬರನ್ನೇ ಕೊಡಬೇಕು. ಹೊಸ ಕೆಲಸ ಗಟ್ಟಿಯಾಗುವವರೆಗೆ ಹಳೆಯದನ್ನು ಬಿಡಬೇಡಿ.

ಬೇನೆಯನ್ನು ಯಾರಿಗೆ ಹೇಳಬೇಕು? ಹೇಳಿದರೆ ಸೇಟು ತೆಗೆದುಬಿಡುತ್ತಾನೆಂಬ ಅಂಜಿಕೆ ಸುಳ್ಳಲ್ಲ. ದಿನಗೂಲಿಯವನಿಗೆ ಆಸರೆ ಕಡಿಮೆ. ಆದರೂ ಜೊತೆಯಲ್ಲಿ ದುಡಿಯುವ ಒಬ್ಬನಿಗಾದರೂ ಹೇಳಿರಿ. ಔಷಧ ಯಾವ ಜೇಬಿನಲ್ಲಿದೆ ಎಂದು ತೋರಿಸಿರಿ. ದಮ್ಮು ಕಟ್ಟಿದಾಗ ಮಾತು ಹೊರಡುವುದಿಲ್ಲ. ಉಸ್ಮಾನಿಯಾ ಆಸ್ಪತ್ರೆ ಇಲ್ಲಿಯೇ ಅಫ್ಜಲ್‌ಗಂಜಿನಲ್ಲಿದೆ. ಎದೆಯ ರೋಗಗಳ ಸರಕಾರಿ ಆಸ್ಪತ್ರೆ ಎರ್ರಗಡ್ಡದಲ್ಲಿದೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫದ ಪರೀಕ್ಷೆ ಮಾಡಿಸಿ. ಎಲ್ಲ ಕೆಮ್ಮೂ ದಮ್ಮಲ್ಲ.

ಮೃಗಶಿರೆಯ ದಿನ ನಾಂಪಲ್ಲಿಯ ಮೈದಾನದಲ್ಲಿ ಮೀನಿನ ಔಷಧಕ್ಕೆ ಸಾವಿರಾರು ಜನ ಸೇರುತ್ತಾರೆ. ನಂಬಿ ಹೋಗುವವರನ್ನು ನಾನು ಹಳಿಯುವುದಿಲ್ಲ. ಅದರಿಂದ ದಮ್ಮು ವಾಸಿಯಾಗುತ್ತದೆಂಬುದು ವೈದ್ಯಶಾಸ್ತ್ರದಲ್ಲಿ ಸಿದ್ಧವಾಗಿಲ್ಲ. ಅದನ್ನು ನುಂಗಿ ಬಂದು, ಡಾಕ್ಟರು ಕೊಟ್ಟ ಎಳೆಯುವ ಔಷಧವನ್ನು ಮಾತ್ರ ಬಿಡಬೇಡಿ.

ಕಡೆಯ ಮಾತು ಗಟ್ಟಿಮುಟ್ಟಾದ ಸೋದರರಿಗೆ. ಒಲೆಯ ಮುಂದಿರುವ ದಮ್ಮಿನವನು ಜಾಗ ಬದಲಿಸಿಕೊಳ್ಳೋಣವೇ ಎಂದು ಕೇಳಿದರೆ ಮೈಗಳ್ಳನೆಂದು ನಗಬೇಡಿ. ನಿಮ್ಮ ಒಂದು ಬದಲಿಯಿಂದ ಅವನ ಊರಿನ ಒಲೆ ಉರಿಯುತ್ತದೆ.