ನೆಲದ ಸೇಬು



ಮಳೆ ಬಿದ್ದು ನಾಲ್ಕು ದಿನವಾದರೆ ಅಂಗಳದ ಮೂಲೆಯಲ್ಲಿ ಗೇಣುದ್ದದ ಗಿಡವೊಂದು ತಾನಾಗಿ ಏಳುತ್ತದೆ. ಎಲೆ ನೆಲ್ಲಿಯ ಎಲೆಯಂತೆ. ಕಡ್ಡಿಯನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಕಾಯಿ. ಯಾವ ಕಾಲದಲ್ಲೋ ಯಾರೋ ಬಗ್ಗಿ ನೋಡಿ ಅದನ್ನು ನೆಲನೆಲ್ಲಿ ಎಂದು ಕರೆದರು. ನೆಲಬೇವಿನ ಎಲೆ ಬೇವಿನ ಎಲೆಯನ್ನು ಹೋಲುವುದಿಲ್ಲ. ಆದರೆ ಬಾಯಿಗಿಟ್ಟವರಿಗೆ ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದಕ್ಕೆ ಕಣ್ಣು ಹೆಸರಿಟ್ಟಿತು, ಇನ್ನೊಂದಕ್ಕೆ ನಾಲಿಗೆ.

ಮೂಗು ಹೆಸರಿಟ್ಟ ಗಿಡವೂ ಒಂದಿದೆ, ಕ್ಯಾಮೊಮೈಲ್. ಈಗ ನಮ್ಮ ಅಂಗಡಿಗಳಲ್ಲೂ ಟೀ ಪೊಟ್ಟಣವಾಗಿ ಸಿಗುತ್ತದೆ. ಗ್ರೀಕ್ ಭಾಷೆಯಲ್ಲಿ ‘ಖಮಾಯ್’ ಎಂದರೆ ನೆಲದ ಮೇಲೆ, ‘ಮೇಲೋನ್’ ಎಂದರೆ ಸೇಬು. ಎರಡೂ ಸೇರಿ ನೆಲಸೇಬು! ಗಿಡದಲ್ಲಿ ಸೇಬು ಬಿಡುವುದಿಲ್ಲ. ಬಿಳಿ ಎಸಳು, ನಡುವೆ ಹಳದಿ ಗುಬುಟಿನ ಪುಟ್ಟ ಹೂವು, ಅಷ್ಟೇ. ಆದರೆ ಅದನ್ನು ಬೆರಳಲ್ಲಿ ಹೊಸಕಿದರೆ ಸೇಬಿನ ವಾಸನೆ. ಒಂದನೆಯ ಶತಮಾನದ ರೋಮಿನ ಪ್ಲಿನಿ ಈ ಹೆಸರಿಗೆ ಕೊಟ್ಟ ಕಾರಣವೂ ಆ ವಾಸನೆಯೇ. ಸ್ಪೇನಿನವರಿಗೂ ಮೂಗಿಗೆ ಬಡಿದದ್ದು ಅದೇ ಇರಬೇಕು: ಅವರು ‘ಮಾನ್ಸಾನಿಯಾ’ ಅಂದರು, ಪುಟ್ಟ ಸೇಬು. ಸಾವಿರಾರು ಮೈಲಿ ಆಚೆ, ನಮ್ಮ ಭಾಷೆಯ ಗಂಧವೇ ಇಲ್ಲದವರು, ನೆಲನೆಲ್ಲಿ ಎಂದ ನಮ್ಮ ಹಿರಿಯರ ಹಾಗೆಯೇ ಗಿಡದೆದುರು ಬಗ್ಗಿದ್ದರಲ್ಲ ಎಂದು ನೆನೆದಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ಯುರೋಪಿನ ಅಜ್ಜಿಯರಿಗೆ ಇದು ನಮ್ಮ ಜೀರಿಗೆ ಕಷಾಯದ ಹಾಗೆ. ಹೊಟ್ಟೆ ನುಲಿದರೆ, ಮಗು ನಿದ್ದೆ ಮಾಡದಿದ್ದರೆ ಮೊದಲು ಕೈ ಹೋಗುವುದು ಇದರ ಡಬ್ಬಿಗೆ. ಬಿಯಾಟ್ರಿಕ್ಸ್ ಪಾಟರ್ 1902ರಲ್ಲಿ ಪ್ರಕಟಿಸಿದ ಪೀಟರ್ ಎಂಬ ಮೊಲದ ಕಥೆಯಲ್ಲೂ, ಪರರ ತೋಟಕ್ಕೆ ನುಗ್ಗಿ ಸುಸ್ತಾಗಿ ಬಂದ ಮರಿಗೆ ತಾಯಿ ಕುಡಿಸುವುದು ಇದರದೇ ಚಹಾ. ಯುನಾನಿ ವೈದ್ಯರು ಇದನ್ನು ಬಾಬೂನಾ ಎನ್ನುತ್ತಾರೆ. ಹಾಗಾಗಿ ನಮ್ಮ ಹಕೀಮರಿಗೆ ಇದು ಹೊಸ ಹೂವೇನಲ್ಲ.

ನನ್ನನ್ನು ಬೆರಗುಗೊಳಿಸುವುದು ಇನ್ನೊಂದು ಸಂಗತಿ. ಹಳದಿ–ಬಿಳಿಯ ಈ ಹೂವನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಬರುವ ಎಣ್ಣೆ ಕಡುನೀಲಿ. ಹೂವಿನಲ್ಲಿ ಆ ನೀಲಿ ಇರುವುದೇ ಇಲ್ಲ. ಅದರೊಳಗಿನ ಬಣ್ಣವಿಲ್ಲದ ಒಂದು ಅಂಶ ಹಬೆಯ ಕಾವಿಗೆ ಒಡೆದು ನೀಲಿಯಾಗುತ್ತದೆ.

ಮನೆಯಲ್ಲಿ ಮಾಡುವವರಿಗೆ ಒಂದು ಮಾತು. ನಮ್ಮ ಕಷಾಯದಂತೆ ಇದನ್ನು ಕುದಿಸಿ ಬತ್ತಿಸಬಾರದು. ಒಣಗಿದ ಹೂವಿನ ಮೇಲೆ ಬಿಸಿನೀರು ಸುರಿದು, ಐದು ನಿಮಿಷ ತಟ್ಟೆ ಮುಚ್ಚಿಡಿ. ತೆರೆದಿಟ್ಟರೆ ಪರಿಮಳ ಹಬೆಯ ಜೊತೆ ಹಾರಿಹೋಗುತ್ತದೆ. ಇದು ಸೇವಂತಿಗೆಯ ಕುಟುಂಬದ್ದು. ಸೇವಂತಿಗೆ ಮುಟ್ಟಿದರೆ ಮೈ ತುರಿಸುವವರು ಇದರಿಂದ ದೂರವಿರುವುದು ಒಳ್ಳೆಯದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬೇಡಿ.

ಈ ಮಳೆಗಾಲದಲ್ಲಿ ಕಳೆ ಕೀಳಲು ಕೂತಾಗ ಮನೆಯ ಮಕ್ಕಳನ್ನೂ ಪಕ್ಕಕ್ಕೆ ಕರೆಯಿರಿ. ನೆಲನೆಲ್ಲಿಯ ಒಂದು ಕಡ್ಡಿಯನ್ನು ತಿರುಗಿಸಿ, ಆ ಕಾಯಿಗಳ ಸಾಲನ್ನು ಅವರಿಗೆ ತೋರಿಸಿ.