ಮುಖ ಯಾಕೆ ಕಪ್ಪಿಡುತ್ತದೆ?

ಮಕ್ಕಳೇ, ಇಂಗ್ಲಿಷ್ ಪಾಠದಲ್ಲಿ ‘ಡಾರ್ಕ್‌ಲಿ’ ಎಂಬ ಪದ ಬಂದರೆ ಏನು ಅರ್ಥ ಬರೆಯುತ್ತೀರಿ? ‘ಕತ್ತಲಾಗಿ’ ಎಂದು ತಾನೇ? ಅಷ್ಟು ಸಾಲದು. ಕತೆಯಲ್ಲಿ ಅಜ್ಜ ‘ಡಾರ್ಕ್‌ಲಿ’ ಮಾತಾಡಿದ ಎಂದರೆ ದೀಪ ಆರಿತ್ತು ಎಂದಲ್ಲ. ಮುಂದೇನೋ ಕೇಡು ಕಾದಿದೆ ಎಂಬಂತೆ, ಮುಖ ಗಂಟಿಕ್ಕಿಕೊಂಡು ನುಡಿದ ಎಂದು. ಕನ್ನಡವೂ ಹೀಗೇ. ಬೈಸಿಕೊಂಡವರ ಮುಖ ಕಪ್ಪಿಡುತ್ತದೆ, ಮನಸ್ಸಿಗೆ ಮಂಕು ಕವಿಯುತ್ತದೆ.

ಕತ್ತಲೆಗೂ ದುಗುಡಕ್ಕೂ ಈ ನಂಟು ಎಲ್ಲಿಂದ ಬಂತು? ಕಣ್ಣು ಕಾಣದ ಕಡೆ ಅಂಜಿಕೆ ಸಹಜ. ಕರೆಂಟ್ ಹೋದ ಕ್ಷಣ ನೆನಪಿಸಿಕೊಳ್ಳಿ. ಮೊದಲು ಏನೂ ಕಾಣದು. ಆಮೇಲೆ ಮೆಲ್ಲಗೆ ಕಿಟಕಿ, ಮಂಚ ಮೂಡುತ್ತವೆ. ನಮ್ಮ ಕಣ್ಣಿನ ಒಳಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುವಿನಂಥವು ಬಣ್ಣ ಗುರುತಿಸುತ್ತವೆ, ಆದರೆ ಅವಕ್ಕೆ ಒಳ್ಳೆಯ ಬೆಳಕು ಬೇಕು. ಕಡ್ಡಿಯಂಥವಕ್ಕೆ ಬಣ್ಣ ತಿಳಿಯದು, ಮಬ್ಬು ಬೆಳಕೇ ಸಾಕು. ಅವು ಪೂರ್ತಿ ಸಜ್ಜಾಗಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ.

ಬೆಳಕೇ ಇಲ್ಲದಿದ್ದರೆ? ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಸಿಗುವುದು ಕೋಲಾರದ ಚಿನ್ನದ ಗಣಿಯ ಊರು, ನಮ್ಮ ಕೆ.ಜಿ.ಎಫ್. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳ. ಅಲ್ಲಿ ದೀಪ ಆರಿಸಿ ಇಡೀ ದಿನ ಕೂತರೂ ನಿಮ್ಮ ಅಂಗೈ ನಿಮಗೆ ಕಾಣದು. ಹಿಡಿಯಲು ಒಂದು ಕಿರಣವೂ ಇಲ್ಲದ ಮೇಲೆ ಕಣ್ಣು ತಾನೇ ಏನು ಮಾಡೀತು?

ಆದರೆ ಆ ಪಾತಾಳಕ್ಕೆ ಬೇಕೆಂದೇ ಇಳಿದವರೂ ಇದ್ದರು. ಅವರು ವಿಜ್ಞಾನಿಗಳು. ಆಕಾಶದಿಂದ ಸೂಕ್ಷ್ಮ ಕಣಗಳ ಮಳೆ ಸದಾ ನಮ್ಮ ಮೇಲೆ ಸುರಿಯುತ್ತಿದೆ. ಅದರಲ್ಲಿ ನ್ಯೂಟ್ರಿನೋ ಎಂಬ ಕಣ ಹುಡುಕುವುದು ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ಗಣಿಯ ಬಂಡೆ ಜರಡಿಯಾಯಿತು: ಉಳಿದ ಕಣಗಳು ಹೆಚ್ಚುಕಡಿಮೆ ಎಲ್ಲ ಮೇಲೆಯೇ ಸೋಸಿಹೋದವು, ನ್ಯೂಟ್ರಿನೋ ಮಾತ್ರ ಸರಾಗವಾಗಿ ತೂರಿ ಬಂತು. ಅಪರೂಪಕ್ಕೊಮ್ಮೆ ಅದು ಬಂಡೆಗೆ ಡಿಕ್ಕಿ ಹೊಡೆದಾಗ ಹೊಸ ಕಣವೊಂದು ಚಿಮ್ಮುತ್ತದೆ. ಅದು ಹಾದುಹೋದಾಗ ವಿಜ್ಞಾನಿಗಳ ಉಪಕರಣದಲ್ಲಿ ಮಿಣುಕು ಬೆಳಕೊಂದು ಮಿಂಚಿ ಮಾಯವಾಗುತ್ತದೆ. ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು 1965ರಲ್ಲಿ ಹೀಗೆ ವಾತಾವರಣದ ನ್ಯೂಟ್ರಿನೋಗಳ ಸುಳಿವು ಹಿಡಿದರು.

ಗಣಿ 2001ರಲ್ಲಿ ಮುಚ್ಚಿತು. ಕತ್ತಲೆಯ ಪಾಠ ಮಾತ್ರ ನಿಮ್ಮ ಮನೆಯಲ್ಲೇ ಸಿಗುತ್ತದೆ. ಮುಂದಿನ ಸಲ ಕರೆಂಟ್ ಹೋದಾಗ ಮುಖ ಕಪ್ಪಿಡಲು ಬಿಡಬೇಡಿ. ಸುಮ್ಮನೆ ಕೂತು ನೋಡಿ, ಮೊದಲು ಏನು ಕಾಣುತ್ತದೆ? ಅದರ ಬಣ್ಣ ಹೇಳಬಲ್ಲಿರಾ?