ಎಣಿಕೆಗೆ ಬಾರದ ಹಿರಿಯರು

ನಾನೀಗ ಬೆಂಗಳೂರಿನ ಜೆ.ಪಿ. ನಗರದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. 2021ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಬನಶಂಕರಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದವು. 2020-21ರಲ್ಲಿ ದೇಶದ ಕೊರೊನಾ ಸಾವು ಸುಮಾರು 4.8 ಲಕ್ಷ ಎಂದಿತು ಸರ್ಕಾರಿ ಲೆಕ್ಕ. ಮಾಮೂಲಿಗಿಂತ ಸುಮಾರು 47 ಲಕ್ಷ ಹೆಚ್ಚು ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಸರ್ಕಾರ ಅದನ್ನು ಒಪ್ಪಲಿಲ್ಲ.

ಹೆಚ್ಚು ಅಪಾಯವಿದ್ದದ್ದು ವೃದ್ಧಾಶ್ರಮಗಳಲ್ಲಿ. ಹಂಚಿಕೊಂಡ ಕೋಣೆ, ಒಂದೇ ಊಟದ ಹಾಲ್, ಹೊರಗಿನಿಂದ ಬಂದುಹೋಗುವ ಆಯಾಗಳು. ಒಬ್ಬರಿಗೆ ಬಂದರೆ ಹತ್ತು ಜನಕ್ಕೆ ಹರಡುತ್ತದೆ. ಆದರೆ ಮರಣ ನೋಂದಣಿ ಅರ್ಜಿಯಲ್ಲಿ ವೃದ್ಧಾಶ್ರಮಕ್ಕೆಂದು ಬೇರೆ ಕಾಲಂ ಇಲ್ಲ. ಅಲ್ಲಿ ಎಷ್ಟು ಜನ ಹೋದರೆಂದು ಯಾವ ಕಂಪ್ಯೂಟರ್ ಹೇಳೀತು?

ಯಾರದೇ ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಾಯಿಸಿ, ಕಾರಣವನ್ನೂ ಬರೆಸಿ. ಹೆತ್ತವರನ್ನು ಆಶ್ರಮದಲ್ಲಿ ಬಿಟ್ಟವರು ದಿನವೂ ಫೋನ್ ಮಾಡಿ ಜ್ವರ, ಉಸಿರು ವಿಚಾರಿಸಿ. ಲೆಕ್ಕ ಶುರುವಾಗಬೇಕಾದದ್ದು ಅವರು ಬದುಕಿರುವಾಗಲೇ.